ಎಂಎಸ್ ಕಾಯಿಲೆ: ನರದ ಹೊದಿಕೆ ಕೀಳುವ ಕೋಶಗಳೇ ರಿಪೇರಿಗೂ ಬೇಕು

ಒಂದು ಕಣ್ಣು ಮಂಜಾಗಿ ವಾರ ಕಳೆದಿರುತ್ತದೆ. ಕಣ್ಣು ಹೊರಳಿಸಿದರೆ ಒಳಗೆ ನೋವು. ಕಾಫಿ ಹಣ್ಣಿನ ಕೆಂಪು ಆ ಕಣ್ಣಿಗೆ ಮಾತ್ರ ಮಾಸಿ ಕಾಣುತ್ತದೆ. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡು ವಿರಾಜಪೇಟೆಯಲ್ಲೋ ಕುಶಾಲನಗರದಲ್ಲೋ ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅವರು ನರರೋಗ ತಜ್ಞರನ್ನು ನೋಡಿ ಎನ್ನುತ್ತಾರೆ. ಅಲ್ಲಿಂದ ಮೈಸೂರು ಇಲ್ಲವೇ ಮಂಗಳೂರು, ಎಂಆರ್‌ಐ. ಕೊನೆಗೆ ದೊಡ್ಡ ಕವರಿನೊಳಗೆ ಬರುವ ರಿಪೋರ್ಟಿನಲ್ಲಿ ‘ಡಿಮೈಲಿನೇಟಿಂಗ್ ಲೀಶನ್ಸ್’ ಎಂಬ ಎರಡು ಪದ, ಅಂದರೆ ನರದ ಹೊದಿಕೆ ಕಳಚಿದ ಗಾಯಗಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು, ಚಿಕ್ಕದಾಗಿ ಎಂಎಸ್, ಕೊಡಗಿನ ಎಷ್ಟೋ ಮನೆಗಳೊಳಗೆ ಕಾಲಿಡುವುದು ಹೀಗೆಯೇ. ರೋಗಿಯ ವಯಸ್ಸು ಹೆಚ್ಚಾಗಿ 20ರಿಂದ 40ರೊಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ.

ಸುದ್ದಿ ತಿಳಿದು ನೋಡಲು ಬಂದ ನೆಂಟರು ಸಾಮಾನ್ಯವಾಗಿ ಹೇಳುವ ಮಾತು: ‘ಇಮ್ಯುನಿಟಿ ಕಮ್ಮಿಯಾಗಿದೆ, ಜಾಸ್ತಿ ಮಾಡಿಕೊಳ್ಳಬೇಕು.’ ಜೊತೆಗೆ ಯಾವುದೋ ಪುಡಿ, ಯಾವುದೋ ಕಷಾಯ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಂಎಸ್‌ನಲ್ಲಿ ರೋಗನಿರೋಧಕ ಶಕ್ತಿ ಸೊರಗಿರುವುದಿಲ್ಲ. ದಾರಿ ತಪ್ಪಿ ಸ್ವಂತ ಮಿದುಳಿನ ಮೇಲೇ ಕೈ ಮಾಡುತ್ತಿರುತ್ತದೆ. ಅದು ಯಾರ ಮೇಲೆ ಕೈ ಮಾಡುತ್ತದೆ, ಹೇಗೆ, ಅದನ್ನು ಪೂರ್ತಿ ಕಟ್ಟಿಹಾಕಿದರೂ ಯಾಕೆ ತೊಂದರೆ ಎಂಬುದು ಸ್ವಲ್ಪ ಸಿಕ್ಕಲಾದ ವಿಷಯ. ಬುಡದಿಂದ ಬಿಡಿಸೋಣ.

ಮೈಲಿನ್ ಎಂಬ ಹೊದಿಕೆ

ಮಿದುಳು, ಬೆನ್ನುಹುರಿ, ಕಣ್ಣಿನ ನರ, ಈ ಮೂರೂ ಕಡೆ ಸಂದೇಶ ಒಯ್ಯುವುದು ನರಕೋಶಗಳಿಂದ ಹೊರಟ ಉದ್ದನೆಯ ಎಳೆಗಳು. ಅವನ್ನು ನರತಂತು ಎನ್ನೋಣ. ಸಂದೇಶ ಎಂದರೆ ವಿದ್ಯುತ್ತಿನ ಸಣ್ಣ ಮಿಡಿತ. ವೇಗ ಬೇಕಾದ ನರತಂತುಗಳ ಮೇಲೆ ಕೊಬ್ಬಿನ ಪದರವೊಂದು ಸುತ್ತಿ ಸುತ್ತಿ ಬಿಗಿದುಕೊಂಡಿರುತ್ತದೆ. ಅದು ಮೈಲಿನ್. ನೀರಿನಂಶ ಕಳೆದರೆ ಅದರಲ್ಲಿ ಶೇ. 70ಕ್ಕೂ ಹೆಚ್ಚು ಭಾಗ ಕೊಬ್ಬೇ.

ಕಾಡಂಚಿನ ತೋಟದವರಿಗೆ ಇದರ ಕೆಲಸ ಸೋಲಾರ್ ಬೇಲಿಯಿಂದ ಸುಲಭವಾಗಿ ಹೊಳೆಯುತ್ತದೆ. ಆನೆ ತಡೆಯಲು ಎಳೆದ ತಂತಿ ಕಂಬಕ್ಕೆ ತಾಗದಂತೆ ಇನ್ಸುಲೇಟರ್ ಹಾಕಿರುತ್ತಾರೆ. ಮಳೆಗಾಲದಲ್ಲಿ ಬೇಲಿ ಬುಡದ ಹುಲ್ಲು, ಬಳ್ಳಿ ಎದ್ದು ತಂತಿಗೆ ತಾಗಿದರೆ ಕರೆಂಟು ಅಲ್ಲಲ್ಲೇ ನೆಲಕ್ಕೆ ಸೋರುತ್ತದೆ. ಆಚೆ ತುದಿಯಲ್ಲಿ ತಂತಿ ಮುಟ್ಟಿದರೂ ಜುಮ್ಮೆನ್ನುವುದಿಲ್ಲ. ತಂತಿ ತುಂಡಾಗಿಲ್ಲ, ಬ್ಯಾಟರಿ ಸರಿಯಾಗಿದೆ, ಆದರೂ ಬೇಲಿ ಕೆಲಸಕ್ಕೆ ಬಾರದು. ಮೈಲಿನ್ ಕಳಚಿದ ನರತಂತುವಿನ ಕಥೆಯೂ ಇದೇ. ಎಳೆ ಉಳಿದಿದೆ, ಸಂದೇಶ ದಾರಿಯಲ್ಲೇ ಸೋರಿಹೋಗುತ್ತಿದೆ.

ಮೈಲಿನ್ ಸೋರಿಕೆ ತಡೆಯುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ಅದು ನರತಂತುವಿನ ಉದ್ದಕ್ಕೂ ಒಂದೇ ಸಮನೆ ಇರುವುದಿಲ್ಲ, ನಡುನಡುವೆ ತೀರಾ ಸಣ್ಣ ಬಿಡುವು ಇರುತ್ತದೆ. ಮಿಡಿತ ಒಂದು ಬಿಡುವಿನಿಂದ ಮುಂದಿನ ಬಿಡುವಿಗೆ ನೆಗೆಯುತ್ತ ಸಾಗುತ್ತದೆ. ಮೈಲಿನ್ ಇಲ್ಲದ ತೆಳು ತಂತುವಿನಲ್ಲಿ ಸಂದೇಶದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್. ದಪ್ಪ ಮೈಲಿನ್ ಇರುವ ತಂತುವಿನಲ್ಲಿ 100 ಮೀಟರ್‌ವರೆಗೂ ಹೋಗುತ್ತದೆ. ಕಣ್ಣು ಮಂಜಾಗುವುದು, ಕಾಲು ಭಾರವಾಗುವುದು, ಮೈ ಜೋಮು ಹಿಡಿಯುವುದು, ಮೂತ್ರ ತಡೆಯಲಾಗದಿರುವುದು ಹೀಗೆ ಒಬ್ಬೊಬ್ಬರಿಗೆ ಒಂದೊಂದು ತರಹ ಯಾಕೆ ಎಂದರೆ, ಮೈಲಿನ್ ಹೋದ ಜಾಗ ಒಬ್ಬೊಬ್ಬರಲ್ಲಿ ಒಂದೊಂದು.

ಅದನ್ನು ಸುತ್ತುವ ಕೋಶ

ಮಿದುಳು ಮತ್ತು ಬೆನ್ನುಹುರಿಯಲ್ಲಿ ಮೈಲಿನ್ ತಯಾರಿಸುವುದು ಆಲಿಗೊಡೆಂಡ್ರೊಸೈಟ್ ಎಂಬ ಕೋಶ. ಹೆಸರು ಬಾಯಿಗೆ ಸಿಕ್ಕದು, ಆದ್ದರಿಂದ ಇಲ್ಲಿ ‘ಆಲಿಗೊ’ ಎಂದು ಮೊಟಕು ಮಾಡುತ್ತೇನೆ. ಸುಮಾರು ನೂರು ವರ್ಷದ ಹಿಂದೆ ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ಟೆಗಾ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನ ಬಳಸಿ ಇದನ್ನು ಬೇರ್ಪಡಿಸಿ ಗುರುತಿಸಿದರು. ಒಂದು ಆಲಿಗೊ ಕೋಶ ತನ್ನ ಮೈಯಿಂದ ಹಲವು ಚಾಚುಗಳನ್ನು ಹೊರಡಿಸಿ 40–50 ಕಡೆ ಮೈಲಿನ್ ಸುತ್ತಬಲ್ಲದು. ಅಂದರೆ ಒಂದು ಕೋಶ ಸತ್ತರೆ ಅಷ್ಟೂ ಕಡೆ ಹೊದಿಕೆ ಹೋಯಿತು.

ಬೇಲಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಇನ್ಸುಲೇಟರ್ ತಂತಿಗೆ ಊಟ ಹಾಕುವುದಿಲ್ಲ, ಆಲಿಗೊ ಹಾಕುತ್ತದೆ. ಸಕ್ಕರೆಯನ್ನು ಒಡೆದು ಲ್ಯಾಕ್ಟೇಟ್ ಮಾಡಿ ನರತಂತುವಿಗೆ ಒದಗಿಸುತ್ತದೆ ಎಂಬುದು 2012ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಯಿತು. ಈ ಸರಬರಾಜು ನಿಂತರೆ ಮೈಲಿನ್ ಕಣ್ಣಿಗೆ ಸರಿಯಾಗಿ ಕಂಡರೂ ತಂತು ಸೊರಗುತ್ತದೆ. ಎಂಎಸ್ ಬಂದು ವರ್ಷಗಳಾದ ಮೇಲೆ ನಡಿಗೆ ನಿಧಾನವಾಗಿ ಕುಗ್ಗುತ್ತ ಹೋಗುವುದಕ್ಕೆ ಇದೂ ಒಂದು ಕಾರಣ. ಹೊದಿಕೆ ಹೋದದ್ದು ಒಂದು ನಷ್ಟ, ಅನ್ನ ಹಾಕುವವರು ಹೋದದ್ದು ಇನ್ನೊಂದು.

ಇಷ್ಟು ದುಡಿಯುವ ಕೋಶ ಅಷ್ಟೇ ಸೂಕ್ಷ್ಮವೂ ಹೌದು. ಮಿದುಳಿನ ಕೋಶಗಳ ಪೈಕಿ ಅತಿ ಹೆಚ್ಚು ಕಬ್ಬಿಣ ಇರುವುದು ಆಲಿಗೊದಲ್ಲೇ. ಮೈಲಿನ್‌ನ ಕೊಬ್ಬು ತಯಾರಿಸಲು ಕಬ್ಬಿಣ ಬೇಕು. ಆದರೆ ಹಾನಿಕಾರಕ ಆಮ್ಲಜನಕ ಕಣಗಳು ಹತ್ತಿರ ಬಂದಾಗ ಅದೇ ಕಬ್ಬಿಣ ಬೆಂಕಿಗೆ ತುಪ್ಪ. ಅವನ್ನು ತಣಿಸುವ ಗ್ಲುಟಾಥಯೋನ್ ಎಂಬ ವಸ್ತು ಈ ಕೋಶದಲ್ಲಿ ಕಡಿಮೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರಗಿನವು ಒಳಗೆ ಬರುವುದು ಹೇಗೆ

ಬಿಳಿ ರಕ್ತಕಣಗಳಲ್ಲಿ ನಮಗೆ ಇಲ್ಲಿ ಬೇಕಾದವು ಟಿ ಕೋಶ ಮತ್ತು ಬಿ ಕೋಶ. ಟಿ ಕೋಶ ಒಂದು ನಿರ್ದಿಷ್ಟ ಪ್ರೋಟೀನ್ ತುಣುಕನ್ನು ಗುರುತು ಹಿಡಿದು, ಅದು ಇರುವ ಕಡೆ ಉರಿಯೂತ ಎಬ್ಬಿಸುತ್ತದೆ ಅಥವಾ ಕೋಶವನ್ನೇ ಕೊಲ್ಲುತ್ತದೆ. ಬಿ ಕೋಶ ಪ್ರತಿಕಾಯ ತಯಾರಿಯ ಕಡೆಯದು. ರಕ್ತನಾಳದಿಂದ ಮಿದುಳಿಗೆ ಇವು ಮನಬಂದಂತೆ ನುಗ್ಗದ ಹಾಗೆ ನಾಳದ ಗೋಡೆಯ ಕೋಶಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಇದನ್ನು ರಕ್ತ–ಮಿದುಳು ತಡೆ ಎನ್ನುತ್ತಾರೆ.

ಎಂಎಸ್‌ನಲ್ಲಿ ಟಿ ಕೋಶ ಮೊದಲು ಕೆರಳುವುದು ಮಿದುಳಿನ ಹೊರಗೆ. ಕಾರಣ ಒಂದೇ ಅಲ್ಲ. ಕೆಲವು ವಂಶವಾಹಿಗಳು ಅಪಾಯ ಹೆಚ್ಚಿಸುತ್ತವೆ. ಡಿ ವಿಟಮಿನ್ ಕೊರತೆ, ಧೂಮಪಾನದ ಪಾತ್ರವೂ ಇದೆ. ಎಪ್‌ಸ್ಟೀನ್–ಬಾರ್ ವೈರಸ್ ಮೇಲಿನ ಅನುಮಾನ ಹಳೆಯದು. 2022ರಲ್ಲಿ ಅದಕ್ಕೆ ಬಲವಾದ ಪುರಾವೆ ಬಂತು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ದಾಖಲೆ ಪರಿಶೀಲಿಸಿದಾಗ, ಈ ವೈರಸ್ ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರಿದ್ದು ಕಂಡಿತು. ಅದೇ ವರ್ಷದ ಇನ್ನೊಂದು ಸಂಶೋಧನೆ ಇದಕ್ಕೊಂದು ದಾರಿಯನ್ನೂ ತೋರಿಸಿತು: ವೈರಸ್ಸಿನ ಒಂದು ಪ್ರೋಟೀನಿನ ತುಣುಕು, ಮಿದುಳಿನ ಪೋಷಕ ಕೋಶಗಳಲ್ಲಿರುವ ಗ್ಲಿಯಲ್‌ಕ್ಯಾಮ್ ಎಂಬ ಪ್ರೋಟೀನನ್ನು ಹೋಲುತ್ತದೆ. ವೈರಸ್ಸಿಗೆಂದು ತಯಾರಾದ ಪ್ರತಿಕಾಯ ಅದಕ್ಕೂ ಅಂಟಿಕೊಳ್ಳುತ್ತದೆ. ಹಾಗೆಂದು ಗಾಬರಿಯಾಗಬೇಕಿಲ್ಲ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಈ ವೈರಸ್ ಇದ್ದೇ ಇದೆ. ಅವರಲ್ಲಿ ಎಂಎಸ್ ಬರುವುದು ತೀರಾ ಕೆಲವರಿಗೆ.

ಕೆರಳಿದ ಟಿ ಕೋಶದ ಮೈಮೇಲೆ ಅಂಟು ಅಣುಗಳು ಹೆಚ್ಚುತ್ತವೆ. ಅವುಗಳ ನೆರವಿನಿಂದ ರಕ್ತನಾಳದ ಗೋಡೆ ಹಿಡಿದು, ಸಂದಿಯಲ್ಲಿ ತೂರಿ ಒಳಗೆ ಹೋಗುತ್ತದೆ. ಒಳಗೆ ಇನ್ನೊಂದು ಕೋಶ ಮೈಲಿನ್ನಿನ ತುಣುಕನ್ನು ಎತ್ತಿ ತೋರಿಸಿದರೆ ಮತ್ತೆ ಕೆರಳುತ್ತದೆ. ಆಟ ಶುರುವಾಗುವುದು ಆಗ.

ಆಲಿಗೊ ಕೋಶಕ್ಕೆ ಆಗುವುದೇನು

ಏಟು ಒಂದೇ ಕಡೆಯಿಂದ ಬರುವುದಿಲ್ಲ. ಒಂದು ಬಗೆಯ ಟಿ ಕೋಶಗಳು ಇಂಟರ್‌ಫೆರಾನ್ ಗ್ಯಾಮಾ, ಇಂಟರ್‌ಲ್ಯೂಕಿನ್ 17 ಮುಂತಾದ ರಾಸಾಯನಿಕ ಸಂಕೇತಗಳನ್ನು ಚೆಲ್ಲುತ್ತವೆ. ಸಿಡಿ8 ಎಂಬ ಇನ್ನೊಂದು ಬಗೆಯವು ಎದುರಿನ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ರೋಗಿಗಳ ಮಿದುಳಿನ ಗಾಯಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಹೆಚ್ಚು ಕಾಣುವ ಟಿ ಕೋಶ ಇವೇ. ಕೆಲವು ರೋಗಿಗಳ ಗಾಯದಲ್ಲಿ ಪ್ರತಿಕಾಯಗಳೂ, ಅವುಗಳ ಜೊತೆ ಸೇರಿ ಪೊರೆ ತೂತು ಮಾಡುವ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಸಿಗುತ್ತವೆ.

ಇವುಗಳಿಗಿಂತ ಹೆಚ್ಚು ಹಾನಿ ಮಾಡುವುದು ಬಹುಶಃ ಮನೆಯೊಳಗೇ ಇದ್ದವು. ಮೈಕ್ರೊಗ್ಲಿಯಾ ಎಂಬ ಕೋಶಗಳು ಹುಟ್ಟಿದಂದಿನಿಂದ ಮಿದುಳಿನಲ್ಲೇ ಇರುವ ರೋಗನಿರೋಧಕ ಕೋಶಗಳು. ಸಾಮಾನ್ಯ ದಿನಗಳಲ್ಲಿ ಸುತ್ತಲಿನ ಕಸ ಎತ್ತಿಕೊಂಡು ಇರುತ್ತವೆ. ಟಿ ಕೋಶದ ಸಂಕೇತ ತಾಗಿದರೆ ಸ್ವಭಾವ ಬದಲಾಗಿ, ನೈಟ್ರಿಕ್ ಆಕ್ಸೈಡ್, ಹಾನಿಕಾರಕ ಆಮ್ಲಜನಕ ಕಣಗಳು, ಗ್ಲುಟಮೇಟ್ ಇವನ್ನೆಲ್ಲ ಹೊರಹಾಕುತ್ತವೆ. ಗ್ಲುಟಮೇಟ್ ಅತಿಯಾದರೆ ಆಲಿಗೊ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆಮ್ಲಜನಕ ಕಣಗಳು ಅದರ ಕಬ್ಬಿಣದೊಡನೆ ಸೇರಿ ಕೋಶವನ್ನು ಒಳಗಿನಿಂದ ಸುಡುತ್ತವೆ. ಸತ್ತ ಆಲಿಗೊದಿಂದ ಸೋರಿದ ಕಬ್ಬಿಣವನ್ನು ಮತ್ತೆ ಮೈಕ್ರೊಗ್ಲಿಯಾ ನುಂಗುತ್ತವೆ. ಕೆಲವು ಹಳೆ ಗಾಯಗಳ ಅಂಚಿನಲ್ಲಿ ಕಬ್ಬಿಣ ತುಂಬಿದ ಇಂಥ ಕೋಶಗಳ ಉಂಗುರವೇ ನಿಂತಿರುತ್ತದೆ. ವಿಶೇಷ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಕಪ್ಪು ಗೆರೆಯಾಗಿ ಕಾಣುತ್ತದೆ. ಹೊಸ ಲಕ್ಷಣ ಏನೂ ಇಲ್ಲದಿದ್ದರೂ ಆ ಗಾಯ ಒಳಗೊಳಗೇ ಹೊಗೆಯಾಡುತ್ತಿದೆ ಎಂದು ಅರ್ಥ.

ಇಲ್ಲಿಯವರೆಗೆ ಆಲಿಗೊವನ್ನು ಪಾಪದ ಕೋಶ ಎಂದೇ ವರ್ಣಿಸಿದ್ದಾಯಿತು. ದಶಕಗಳ ಕಾಲ ವಿಜ್ಞಾನಿಗಳೂ ಹಾಗೆಯೇ ಅಂದುಕೊಂಡಿದ್ದರು. 2018ರಲ್ಲಿ ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ತಂಡವೊಂದು ಎಂಎಸ್ ತರಹದ ಕಾಯಿಲೆ ಬರಿಸಿದ ಇಲಿಗಳ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿತು. ಕೆಲವು ಆಲಿಗೊಗಳೂ, ಅವು ಹುಟ್ಟುವ ಎಳೆಯ ಕೋಶಗಳೂ ರೋಗನಿರೋಧಕ ಕೋಶಗಳ ಹಾಗೆಯೇ ಪ್ರೋಟೀನ್ ತುಣುಕುಗಳನ್ನು ಮೈಮೇಲೆ ಎತ್ತಿ ತೋರಿಸುತ್ತಿದ್ದವು. ಎಳೆಯವು ಕಸ ನುಂಗುತ್ತಿದ್ದವು, ಟಿ ಕೋಶಗಳನ್ನು ಕೆರಳಿಸುತ್ತಲೂ ಇದ್ದವು. ಹಾಗೆ ಮಾಡುವಂತೆ ಅವನ್ನು ಪ್ರೇರೇಪಿಸುವುದು ಮೇಲೆ ಹೇಳಿದ ಇಂಟರ್‌ಫೆರಾನ್ ಗ್ಯಾಮಾ. ಟಿ ಕೋಶ ಕೂಗುತ್ತದೆ, ಆಲಿಗೊ ತನ್ನ ಗುರುತು ಎತ್ತಿ ಹಿಡಿಯುತ್ತದೆ, ಅದನ್ನು ನೋಡಿ ಟಿ ಕೋಶ ಇನ್ನಷ್ಟು ಕೆರಳುತ್ತದೆ. ಜಗಳ ಮುಂದುವರಿಯಲು ಏಟು ತಿಂದವರದ್ದೂ ಕೈಯಿದೆ ಎಂದಾಯಿತು.

ಹಾಗಾದರೆ ಮೊದಲು ಕೆಟ್ಟದ್ದು ಯಾರು? ಟಿ ಕೋಶಗಳು ಬರುವ ಮೊದಲೇ ಆಲಿಗೊ ಸಾಯುತ್ತಿರುವ ಗಾಯಗಳನ್ನು 2004ರಲ್ಲಿ ವರದಿ ಮಾಡಿದವರಿದ್ದಾರೆ. ಹೊರಗಿನ ದಾಳಿಯೇ ಮೂಲ ಎನ್ನುವವರು ಹೆಚ್ಚು. ಈ ಚರ್ಚೆ ಇನ್ನೂ ಮುಗಿದಿಲ್ಲ.

ತಪ್ಪಿದ ಎರಡು ಔಷಧಗಳು

ಒಂದು ಸಂಕೇತ ಕೆಟ್ಟದ್ದು, ಅದನ್ನು ತಡೆದರೆ ಕಾಯಿಲೆ ವಾಸಿ ಎಂದು ಹೇಳುವುದು ಸುಲಭ. ಎಂಎಸ್ ಇತಿಹಾಸದಲ್ಲಿ ಆ ಸುಲಭದ ಮಾತು ಎರಡು ಸಲ ಪೆಟ್ಟು ತಿಂದಿದೆ, ಎರಡೂ ತಿಳಿದಿರಬೇಕಾದ ಘಟನೆಗಳು.

ವೈರಸ್ ತಡೆಯುವ ಗುಣ ನೋಡಿ ಇಂಟರ್‌ಫೆರಾನ್ ಗ್ಯಾಮಾವನ್ನೇ 18 ರೋಗಿಗಳಿಗೆ ಕೊಟ್ಟು ನೋಡಿದರು. 1987ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವರ ಪೈಕಿ 7 ಮಂದಿಗೆ ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಯಿಲೆ ಮರುಕಳಿಸಿತ್ತು. ಪ್ರಯೋಗ ಕೈಬಿಟ್ಟರು. ಅದರ ದಾಯಾದಿ ಇಂಟರ್‌ಫೆರಾನ್ ಬೀಟಾ ಮಾತ್ರ ತದ್ವಿರುದ್ಧ. ಅದು ಮರುಕಳಿಕೆ ಕಡಿಮೆ ಮಾಡಿ, 1993ರಲ್ಲಿ ಎಂಎಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಕಾಯಿಲೆಯ ಗತಿ ಬದಲಿಸುವ ಮೊದಲ ಔಷಧವಾಯಿತು.

ಎರಡನೆಯದು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ. ಇದು ಆಲಿಗೊ ಕೋಶಕ್ಕೆ ವಿಷ ಎಂಬುದು ಪ್ರಯೋಗಶಾಲೆಯಲ್ಲಿ ಖಚಿತವಾಗಿತ್ತು. ಇದನ್ನು ತಡೆಯುವ ಔಷಧ ಕೀಲುವಾತಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಎಸ್‌ಗೂ ಕೊಟ್ಟರು. 1999ರ ವರದಿ: 168 ರೋಗಿಗಳ ಪ್ರಯೋಗದಲ್ಲಿ ಔಷಧ ಪಡೆದವರಿಗೇ ಮರುಕಳಿಕೆ ಹೆಚ್ಚು. ಕಾರಣದ ಒಂದು ಭಾಗ 2001ರಲ್ಲಿ ಇಲಿಗಳಿಂದ ತಿಳಿಯಿತು. ಟಿಎನ್‌ಎಫ್ ಒಂದು ಗ್ರಾಹಕದ (ಕೋಶದ ಮೈಮೇಲೆ ಸಂಕೇತ ಹಿಡಿಯುವ ಅಣು) ಮೂಲಕ ಕೋಶ ಕೊಲ್ಲುತ್ತದೆ, ಇನ್ನೊಂದು ಗ್ರಾಹಕದ ಮೂಲಕ ಹೊಸ ಆಲಿಗೊ ಹುಟ್ಟಲು ಒತ್ತಾಸೆ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಮುಚ್ಚಿದರೆ ರಿಪೇರಿಯೂ ನಿಲ್ಲುತ್ತದೆ. ಎಂಎಸ್ ಇರುವವರಿಗೆ ಕೀಲುನೋವೂ ಇದ್ದು, ‘ಬಯಾಲಾಜಿಕಲ್’ ಇಂಜೆಕ್ಷನ್ (ಟಿಎನ್‌ಎಫ್ ತಡೆಯುವವು ಇವುಗಳಲ್ಲೇ ಸೇರಿವೆ) ಮಾತು ಬಂದರೆ ಕೀಲಿನ ಡಾಕ್ಟರಿಗೆ ಎಂಎಸ್ ವಿಷಯ ಹೇಳಲೇಬೇಕಾದದ್ದು ಇದೇ ಕಾರಣಕ್ಕೆ.

ರಿಪೇರಿ

ಮಿದುಳಿನಲ್ಲಿ ಆಲಿಗೊ ಆಗಬಲ್ಲ ಎಳೆಯ ಕೋಶಗಳು ವಯಸ್ಸಾದವರಲ್ಲೂ ಇರುತ್ತವೆ. ಒಟ್ಟು ಕೋಶಗಳಲ್ಲಿ ಸುಮಾರು ಶೇ. 5. ಹೊದಿಕೆ ಕಳಚಿದ ಕಡೆಗೆ ಇವು ಹೋಗಿ, ಬಲಿತು, ಹೊಸ ಮೈಲಿನ್ ಸುತ್ತಬಲ್ಲವು. ಮೊದಲ ಮೊದಲ ಮರುಕಳಿಕೆಯ ಬಳಿಕ ಕಣ್ಣು ಅಥವಾ ಕಾಲು ಚೇತರಿಸಿಕೊಳ್ಳುವುದರಲ್ಲಿ ಈ ರಿಪೇರಿಯದೂ ಪಾಲಿದೆ. ಉರಿಯೂತ, ಊತ ಇಳಿಯುವುದು ಇನ್ನೊಂದು ಪಾಲು.

ರಿಪೇರಿಗೆ ಮೊದಲ ಅಡ್ಡಿ ಕಸ. ಒಡೆದ ಮೈಲಿನ್ನಿನ ಚೂರುಗಳು ಅಲ್ಲೇ ಬಿದ್ದಿದ್ದರೆ ಎಳೆಯ ಕೋಶ ಬಲಿಯುವುದಿಲ್ಲ. ಆ ಚೂರುಗಳನ್ನು ನುಂಗಿ ಜಾಗ ಬಿಡಿಸುವುದು ಯಾರು? ಅದೇ ಮೈಕ್ರೊಗ್ಲಿಯಾ ಮತ್ತು ರಕ್ತದಿಂದ ಬಂದ ಭಕ್ಷಕ ಕೋಶಗಳು. ಕಸ ನುಂಗಿದ ಮೇಲೆ ಮೈಕ್ರೊಗ್ಲಿಯಾ ನಿಧಾನಕ್ಕೆ ಸ್ವಭಾವ ಬದಲಿಸಿ, ಆಕ್ಟಿವಿನ್ ಎ ಎಂಬ ವಸ್ತು ಹೊರಬಿಟ್ಟು ಎಳೆಯ ಕೋಶಗಳನ್ನು ಬಲಿಯಲು ಹುರಿದುಂಬಿಸುತ್ತವೆ ಎಂದು 2013ರಲ್ಲಿ ಕಂಡುಕೊಂಡರು. ಉರಿಯೂತ ಹದ್ದುಬಸ್ತಿಗೆ ತರುವ ನಿಯಂತ್ರಕ ಟಿ ಕೋಶಗಳೂ ಮೈಲಿನ್ ಕಟ್ಟಲು ನೇರವಾಗಿ ನೆರವಾಗುತ್ತವೆ. ಇದು 2017ರ ಸಂಗತಿ. ಮುದಿ ಇಲಿಯ ರಕ್ತಸಂಚಾರವನ್ನು ಎಳೆ ಇಲಿಯದಕ್ಕೆ ಜೋಡಿಸಿ ಮಾಡಿದ 2012ರ ಪ್ರಯೋಗವಂತೂ ಕುತೂಹಲದ್ದು. ಎಳೆಯದರ ಭಕ್ಷಕ ಕೋಶಗಳು ಬಂದು ಕಸ ಬಳಿದ ಮೇಲೆ ಮುದಿ ಇಲಿಯ ಮೈಲಿನ್ ರಿಪೇರಿ ಚುರುಕಾಯಿತು. ವಯಸ್ಸಾದಂತೆ ಎಂಎಸ್‌ನಲ್ಲಿ ಚೇತರಿಕೆ ಕುಗ್ಗುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹೊಂದುವುದಿಲ್ಲ ಎಂಬುದೂ ನಿಜ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್–14 ಹೆಚ್ಚಿ, ನಂತರ ಇಳಿಯಿತಲ್ಲ, ಅದರ ಲೆಕ್ಕ ಹಿಡಿದು ಮನುಷ್ಯರ ಕೋಶ ಯಾವ ವರ್ಷ ಹುಟ್ಟಿತೆಂದು ಹೇಳಬಹುದು. ಈ ವಿಧಾನದಿಂದ ಎಂಎಸ್ ರೋಗಿಗಳ ಮಿದುಳನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ಮೈಲಿನ್ ಮತ್ತೆ ಮೂಡಿದಂತೆ ಕಂಡ ಜಾಗಗಳಲ್ಲಿದ್ದ ಆಲಿಗೊಗಳು ಹೆಚ್ಚಾಗಿ ಹಳೆಯವೇ ಆಗಿದ್ದವು. ಹೊಸ ಕೋಶ ಹುಟ್ಟಿಸುವುದರಷ್ಟೇ ಇರುವ ಕೋಶ ಸಾಯದಂತೆ ನೋಡಿಕೊಳ್ಳುವುದೂ ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ಚಿಕಿತ್ಸೆ ಬೇಗ ಶುರುಮಾಡಿ ಎಂದು ನರರೋಗ ತಜ್ಞರು ಒತ್ತಾಯಿಸುವುದರ ಹಿಂದೆ ಈ ಲೆಕ್ಕವೂ ಇದೆ.

ಈಗಿನ ಔಷಧ ಎಲ್ಲಿ ಕೈ ಹಾಕುತ್ತದೆ

ಮರುಕಳಿಸಿದಾಗ ಮೂರರಿಂದ ಐದು ದಿನ ಕೊಡುವ ಸ್ಟೀರಾಯ್ಡ್ ಡ್ರಿಪ್ ಉರಿಯೂತ ಬೇಗ ಇಳಿಸುತ್ತದೆ, ಅಷ್ಟೇ. ಮುಂದೆ ಮರುಕಳಿಸದಂತೆ ಕೊಡುವ ಔಷಧಗಳು ಬೇರೆ. ನಟಾಲಿಜುಮ್ಯಾಬ್ ಟಿ ಕೋಶದ ಅಂಟು ಅಣುವನ್ನು ಮುಚ್ಚಿ ರಕ್ತನಾಳದ ಗೋಡೆಯಲ್ಲೇ ತಡೆಯುತ್ತದೆ. ಫಿಂಗೊಲಿಮೋಡ್ ಮಾತ್ರೆ ಟಿ ಕೋಶಗಳನ್ನು ದುಗ್ಧಗ್ರಂಥಿಗಳಲ್ಲೇ ಕೂಡಿಹಾಕುತ್ತದೆ. ರಿಟುಕ್ಸಿಮ್ಯಾಬ್, ಓಕ್ರೆಲಿಜುಮ್ಯಾಬ್ ಬಿ ಕೋಶಗಳನ್ನು ಅಳಿಸುತ್ತವೆ. ನಮ್ಮ ದೇಶದಲ್ಲಿ ಖರ್ಚಿನ ದೃಷ್ಟಿಯಿಂದ ರಿಟುಕ್ಸಿಮ್ಯಾಬ್ ಬಳಕೆ ಹೆಚ್ಚು.

ಬಿ ಕೋಶದ ಔಷಧಗಳು ಒಂದು ಹಳೆ ನಂಬಿಕೆಯನ್ನೂ ಅಲುಗಾಡಿಸಿದವು. ಬಿ ಕೋಶದ ತಪ್ಪು ಪ್ರತಿಕಾಯ ತಯಾರಿಸುವುದು ಎಂದು ತಿಳಿದಿದ್ದರು. ಆದರೆ ಪ್ರತಿಕಾಯ ತಯಾರಿಸುವ ಬಲಿತ ಕೋಶಗಳನ್ನು ಈ ಔಷಧ ಮುಟ್ಟುವುದೇ ಇಲ್ಲ; ಆದರೂ ಕೆಲವೇ ತಿಂಗಳಲ್ಲಿ ಮರುಕಳಿಕೆ ಇಳಿಯುತ್ತದೆ. ಹಾಗಾಗಿ ಬಿ ಕೋಶಗಳ ದೊಡ್ಡ ಪಾತ್ರ ಟಿ ಕೋಶಗಳಿಗೆ ಚಿತಾವಣೆ ಕೊಡುವುದು ಎಂಬ ತೀರ್ಮಾನಕ್ಕೆ ಬಂದರು. ಎಂಎಸ್ ರೋಗಿಗಳ ಬಿ ಕೋಶಗಳು ಹೊರಬಿಟ್ಟ ದ್ರವ, ಪ್ರತಿಕಾಯ ಇಲ್ಲದೆಯೂ, ಪ್ರಯೋಗಶಾಲೆಯಲ್ಲಿ ಆಲಿಗೊಗಳನ್ನು ಕೊಂದದ್ದುಂಟು.

ಇವೆಲ್ಲ ಹೊರಗಿನ ದಾಳಿ ತಡೆಯುವಲ್ಲಿ ಗಟ್ಟಿ. ಒಳಗೆ ಹೊಗೆಯಾಡುವ ಮೈಕ್ರೊಗ್ಲಿಯಾದ ಮೇಲೆ ಹಿಡಿತ ಕಡಿಮೆ. ಮೈಲಿನ್ ಮತ್ತೆ ಕಟ್ಟಿಸುವ ಔಷಧವಂತೂ ಮಾರುಕಟ್ಟೆಯಲ್ಲಿ ಇನ್ನೂ ಇಲ್ಲ. ಅಲರ್ಜಿಯ ಹಳೆ ಮಾತ್ರೆ ಕ್ಲೆಮಾಸ್ಟೀನ್ 2017ರಲ್ಲಿ 50 ರೋಗಿಗಳ ಪ್ರಯೋಗದಲ್ಲಿ ಕಣ್ಣಿನ ನರದ ಸಂದೇಶವನ್ನು ಒಂದಿಷ್ಟು ಚುರುಕುಗೊಳಿಸಿತು. ಮುಂದೆ ಬೇರೊಂದು ಪ್ರಯೋಗದಲ್ಲಿ ಕೆಲವರ ಸ್ಥಿತಿ ಹದಗೆಟ್ಟು ಅದನ್ನು ನಿಲ್ಲಿಸಬೇಕಾಯಿತು. ವಾಟ್ಸ್‌ಆ್ಯಪಿನಲ್ಲಿ ‘ಎಂಎಸ್‌ಗೆ ಅಲರ್ಜಿ ಮಾತ್ರೆ’ ಎಂಬ ಸಂದೇಶ ಬಂದರೆ ಈ ಎರಡನೆಯ ಭಾಗವನ್ನೂ ಸೇರಿಸಿ ಓದಿಕೊಳ್ಳಿ.

ಕೊಡಗಿನಲ್ಲಿ ಇದ್ದುಕೊಂಡು

ಯುರೋಪಿನ ಹಲವು ದೇಶಗಳಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಜನರಿಗೆ ಎಂಎಸ್ ಇದೆ. ನಮ್ಮ ಪಕ್ಕದ ಮಂಗಳೂರು ನಗರದಲ್ಲಿ ನಡೆದ ಸಮೀಕ್ಷೆಯಲ್ಲಿ ಸಿಕ್ಕಿದ್ದು ಲಕ್ಷಕ್ಕೆ ಎಂಟರ ಆಸುಪಾಸು. ಅಪರೂಪವೇ, ಆದರೆ ಇಲ್ಲವೇ ಇಲ್ಲ ಎನ್ನುವಷ್ಟಲ್ಲ. ನಮ್ಮಲ್ಲಿ ಎಂಎಸ್‌ನಂತೆಯೇ ಕಾಣುವ ಎನ್‌ಎಂಒ (ನ್ಯೂರೊಮೈಲೈಟಿಸ್ ಆಪ್ಟಿಕಾ) ಎಂಬ ಕಾಯಿಲೆಯೂ ಇದೆ. ಅದರಲ್ಲಿ ಮೊದಲ ಏಟು ಬೀಳುವುದು ಆಲಿಗೊಗೆ ಅಲ್ಲ, ಪಕ್ಕದ ಆಸ್ಟ್ರೊಸೈಟ್ ಎಂಬ ಕೋಶಕ್ಕೆ. ಎಂಎಸ್‌ನ ಕೆಲವು ಔಷಧ ಎನ್‌ಎಂಒವನ್ನು ಕೆಡಿಸುತ್ತದೆ. ಹಾಗಾಗಿ ಅಕ್ವಾಪೊರಿನ್–4, ಎಂಒಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರೆ ಸುಮ್ಮನೆ ದುಡ್ಡು ಖರ್ಚು ಎಂದು ಬಿಡಬೇಡಿ.

ಜಡಿಮಳೆಯಲ್ಲಿ ನೆನೆದು ಬಂದು ಬಚ್ಚಲಿನ ಹಂಡೆಯಿಂದ ಸುಡುನೀರು ಹೊಯ್ದುಕೊಂಡ ಮೇಲೆ ಕಣ್ಣು ಮತ್ತೆ ಮಂಜಾಯಿತೆಂದರೆ, ಅದು ಹೊಸ ದಾಳಿ ಆಗಿರಬೇಕಿಲ್ಲ. ಮೈಲಿನ್ ತೆಳುವಾದ ತಂತುವಿನಲ್ಲಿ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ನಿಂತುಹೋಗಬಹುದು. ಮೈ ತಣಿದ ಮೇಲೆ ದೃಷ್ಟಿ ಮರಳುತ್ತದೆ. ಜರ್ಮನಿಯ ವೈದ್ಯ ಊಟ್‌ಹಾಫ್ ಇದನ್ನು 1890ರಲ್ಲೇ ಬರೆದಿಟ್ಟರು. ಫೆಬ್ರುವರಿ–ಮಾರ್ಚಿನ ಬಿಸಿಲಲ್ಲಿ ಕಣದಲ್ಲಿ ಕಾಫಿ ಎಳೆಯುವಾಗ ಕಾಲು ಸೋಲುವುದೂ, ಜ್ವರ ಬಂದಾಗ ಲಕ್ಷಣ ಹೆಚ್ಚುವುದೂ ಹೀಗೆಯೇ. ಹೊಸ ಲಕ್ಷಣ 24 ಗಂಟೆಗೂ ಮೀರಿ, ಜ್ವರವಿಲ್ಲದೆ ಉಳಿದರೆ ಮಾತ್ರ ಅದನ್ನು ಮರುಕಳಿಕೆ ಎಂದು ಲೆಕ್ಕ ಹಿಡಿಯುತ್ತಾರೆ.

ಇಂಟರ್‌ಫೆರಾನ್ ಬೀಟಾದಂಥ ಇಂಜೆಕ್ಷನ್ನುಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಫ್ರಿಜ್ಜಿನ ಹೊರಗೆ ಎಷ್ಟು ದಿನ ತಡೆಯುತ್ತದೆ ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಬರೆದುಕೊಟ್ಟ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಬೇಕು. ಬಿ ಕೋಶ ಅಳಿಸುವ ಔಷಧಕ್ಕೆ ಮೊದಲು ಹೆಪಟೈಟಿಸ್ ಬಿ, ಕ್ಷಯದ ಪರೀಕ್ಷೆ ಮಾಡಿಸುತ್ತಾರೆ, ಬೇಕಾದ ಲಸಿಕೆಗಳನ್ನೂ ಮುಂಚಿತವಾಗಿ ಹಾಕಿಸುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದು ಸೇರಿದೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ ವೈದ್ಯಕೀಯ ತಪಾಸಣೆಗೆ ಹೋಗುವಾಗ ಎಂಆರ್‌ಐ ರಿಪೋರ್ಟು, ನರರೋಗ ತಜ್ಞರ ಚೀಟಿ ಎರಡನ್ನೂ ಒಯ್ಯಬೇಕು. ನೋಡಲು ಆರೋಗ್ಯವಾಗಿ ಕಾಣುವ ರೋಗಿಯ ಪರವಾಗಿ ಅಲ್ಲಿ ಮಾತಾಡುವುದು ಆ ಕಾಗದಗಳೇ.